ಅಳಿಯನ ಸೀಟು

ಸೊನ್ನದಲ್ಲಿ ಬ್ಯಾರೇಜ್ ಕಟ್ಟುವ ಮೊದಲು ಭೀಮಾ ನದಿ ದಾಟಬೇಕೆಂದರೆ ನಮಗೆ ದೋಣಿಯೇ ಗತಿ. ಆಚೆ ದಂಡೆಯ ಊರಲ್ಲಿ ಅವತ್ತು ಸ್ವಚ್ಛತೆಯ ಬಗ್ಗೆ ನನ್ನ ಭಾಷಣವಿತ್ತು. ಹಾಕಿಕೊಂಡದ್ದು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಎರಡೂ ದಂಡೆಗೆ ಮೊಣಕಾಲುದ್ದ ಕೆಸರು.

"ಹ್ಯಾಂಗ ಬರ್ತೀರಿ ಸಾಹೇಬ್ರ?" ಅಂದ ಅಂಬಿಗ. "ಸರ್ಕಾರದವ್ರಾದ್ರ ಬರೇ ಸಲಾಮ್. ಬೀಗರಾದ್ರ ಮುಂದಿನ ಜಾಗಾ, ಮ್ಯಾಲ ಚಾ. ಊರಿನ ಅಳಿಯ ಆದ್ರ ಅವೆಲ್ಲಾ ಕೊಟ್ಟು, ಕೆಸರಿನ್ಯಾಗ ಹೆಗಲ ಮ್ಯಾಲ ಹೊತ್ತು ಒಯ್ತೇನಿ."

ಯೋಚಿಸುವುದೇನಿತ್ತು? ಅಳಿಯನಾದೆ. ಹೆಗಲೇರಿ ಹೋಗಿ, ಮುಂದೆ ಕುಳಿತು ಚಾ ಕುಡಿದೆ.

ನಡುಹೊಳೆಯಲ್ಲಿ ಪಕ್ಕದ ಮುದುಕಿ ಕೇಳಿದಳು, "ಯಾರ ಮನಿ ಅಳಿಯಾರಿ?"

"ಗೌಡರ ಮನಿ," ಅಂದೆ. ಯಾವ ಊರಲ್ಲಿ ಗೌಡರಿಲ್ಲ?

"ಆ ಗೌಡ್ತಿ ನಾನಽ ರೀ. ನನಗ ಹುಟ್ಟಿದ್ದು ಬರೇ ಗಂಡು ಮಕ್ಕಳು."

ದೋಣಿ ಮಗುಚುವ ಹಾಗೆ ಎಲ್ಲರೂ ನಕ್ಕರು. ಅಂಬಿಗ ನೀರು ನೋಡುತ್ತ ಹುಟ್ಟು ಹಾಕಿದ.

"ಇರ್ಲಿ ಬಿಡ್ರಿ, ದೇವ್ರು ಕೊಟ್ಟ ಅಳಿಯ," ಅಂದಳು ಮುದುಕಿ. "ಈ ಜ್ವಾಳದ ಚೀಲ ಮನಿ ಮುಟ್ಟಸ್ರಿ."

ಆಚೆ ದಂಡೆಯಲ್ಲಿ ಅಂಬಿಗನ ಹೆಗಲು ಖಾಲಿ, ನನ್ನ ಹೆಗಲ ಮೇಲೆ ಚೀಲ. ಮೊಣಕಾಲ ತನಕ ಕೆಸರು ಮೆತ್ತಿಕೊಂಡೇ ಸ್ವಚ್ಛತೆಯ ಭಾಷಣ ಮಾಡಿದೆ. ಮುಂದೆ ಕುಳಿತ ಮುದುಕಿ ನೆರೆಯವರಿಗೆ ಹೇಳುತ್ತಿದ್ದಳು:

"ನಮ್ಮ ಅಳಿಯಾರಿ. ಮಾತಾದ್ರೂ ಭಾಳ ಚೊಕ್ಕ ಅದಾವ."