ಆರಿಸಿಕೊಂಡವನ ಹೆಸರು

ಯಾರು ಉಳಿಯಬೇಕೆಂದು ದೇವರು ಲೋಕ ಹುಟ್ಟುವ ಮೊದಲೇ ಆರಿಸಿಟ್ಟಿದ್ದಾನೆ ಎಂದು ನಮ್ಮ ಪಾಸ್ಟರ್ ಹೇಳಿದಾಗಲೆಲ್ಲ ನಾನು ಹಿಂದಿನ ಬೆಂಚಿನಲ್ಲಿ ಕೂತು ಒಳಗೊಳಗೇ ನಗುತ್ತಿದ್ದೆ. ಅಷ್ಟು ಮುಂಚೆ ಯೋಚನೆ ಮಾಡಿ ನನ್ನಂಥವನನ್ನು ಯಾರಾದರೂ ಆರಿಸುತ್ತಾರೆಯೇ? ನೀವು ನಂಬಲಿ ಎಂದು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ನಾವು ಬೀದರ ಕಡೆಯ ಕ್ರೈಸ್ತರು, ಕೆಲಸಕ್ಕೆಂದು ಮರಾಠಿ ಸೀಮೆಗೆ ಬಂದು ಬಿಬವೇವಾಡಿಯಲ್ಲಿ ಅವ್ವನ ಜೊತೆ ಇದ್ದೆವು. ನಾನು ಮತ್ತು ತಮ್ಮ ಪ್ರೇಮದಾಸ ಖರಾಡಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಟೈಲ್ಸ್ ಕೂರಿಸುತ್ತಿದ್ದೆವು. ಒಂದು ಮಧ್ಯಾಹ್ನ ಊಟ ಮುಗಿಸಿ ಮೇಲಿನ ಬಾಲ್ಕನಿಯಲ್ಲಿ ಮತ್ತೆ ಕೆಲಸಕ್ಕೆ ಕೂತಿದ್ದಾಗ ಕೆಳಗಿನಿಂದ ಹೆಂಗಸೊಬ್ಬಳ ದನಿ ಕೇಳಿಸಿತು: "ಪ್ರೇಮೂ, ಕೆಳಗ ಬಾ."

ಆ ಸೈಟಿನಲ್ಲಿ ಎಲ್ಲರದೂ ಮರಾಠಿ, ಹಿಂದಿ. ಅವನು ಪ್ರೇಮೂ ಆಗಿದ್ದದ್ದು ಮನೆಯೊಳಗೆ ಮಾತ್ರ. ದನಿ ಅವ್ವನದಂತೂ ಅಲ್ಲ.

ಅವನಿಗೂ ಕೇಳಿಸಿತ್ತು. "ಅಣ್ಣಾ, ನನ್ನ ಕೈ ತುಂಬ ಸಿಮೆಂಟ್ ಅದ. ನೀನೇ ಹೋಗಿ ಯಾರು ಅಂತ ನೋಡ್ಕೊಂಡ್ ಬಾ," ಎಂದ.

ಇಳಿದು ಹೋದೆ. ಕೆಳಗೆ ಯಾರೂ ಇರಲಿಲ್ಲ. ಗೇಟಿನ ಹತ್ತಿರ ಕಾವಲುಗಾರನನ್ನು ಕೇಳಿದರೆ "ಕೋಣೀ ನಾಹೀ," ಯಾರೂ ಇಲ್ಲ, ಎಂದ. ತಿರುಗುವಷ್ಟರಲ್ಲಿ ಬಾಲ್ಕನಿ ಕುಸಿಯಿತು. ತಮ್ಮ ಅದರ ಜೊತೆಗೇ ಹೋದ. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಗಂಡಾಂತರದಿಂದ ಪಾರಾದವರು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವುದು ನಮ್ಮಲ್ಲಿ ರೂಢಿ. ನಾನೂ ಹೇಳಿದೆ. ಯಾರೋ ಕರೆದರು, ಇಳಿದೆ, ಉಳಿದೆ. ಯಾರ ಹೆಸರು ಹಿಡಿದು ಕರೆದರು ಎಂದು ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಪಾಸ್ಟರ್ ನನ್ನ ತಲೆಯ ಮೇಲೆ ಕೈಯಿಟ್ಟು, "ಆರಿಸ್ಕೊಂಡವ್ರನ್ನ ದೇವ್ರು ಹೆಸರು ಹಿಡಿದು ಕರೀತಾನ್ರಿ. ಅವ ಎಂದೂ ತಪ್ಪಂಗಿಲ್ಲ," ಎಂದರು. ಎಲ್ಲರೂ ಆಮೆನ್ ಎಂದರು. ನಾನೂ ಎಂದೆ.

ವರ್ಷಗಳಾದವು. ನನ್ನ ಕಿವಿಯ ಭ್ರಮೆ ಎನ್ನೋಣವೆಂದರೆ ತಮ್ಮನಿಗೂ ಕೇಳಿಸಿತ್ತು. ದೇವರೇ ಎನ್ನಲು ಮನಸ್ಸು ಒಪ್ಪುವುದಿಲ್ಲ. ಅವ್ವನಿಗೆ ಮಾತ್ರ ಅದೊಂದೇ ಆಸರೆ. ಮನೆಗೆ ಬಂದವರಿಗೆಲ್ಲ, "ಒಬ್ಬನ್ನರ ದೇವ್ರು ಕರದು ಉಳಿಸ್ಯಾನ," ಎನ್ನುತ್ತಾಳೆ.

ಮೊನ್ನೆ ಬೆಳಿಗ್ಗೆ ಚಹಾ ಕೊಡುತ್ತ ಕೇಳಿದಳು: "ಅವತ್ತು ಏನಂತ ಕರದ್ರೋ?"

"ನನ್ನ ಹೆಸರೇ ಕರದ್ರವ್ವ," ಎಂದೆ.

ಅವಳು ನನ್ನೆದುರು ಕೂತಳು. "ಹಂಗಾದ್ರ ಪ್ರೇಮೂನ ಯಾಕ ಕರೀಲಿಲ್ಲ?"