ಬೀಗರ ಮುಂದೆ ಹೊಳೆಯದ ನೀರು

ಮದುವೆ ಮಾತುಕತೆಗೆ ಬಂದ ಬೀಗರನ್ನು ಮಟಮಟ ಮಧ್ಯಾಹ್ನ ಮಲಗೋ ಕೋಣೆಗೆ ಕರೆದೊಯ್ದು, ಕಿಟಕಿಗೆಲ್ಲ ಕಂಬಳಿ ಹೊದಿಸಿ, ಬಾಗಿಲು ಹಾಕಿ, ಕತ್ತಲಲ್ಲಿ ಸಾಲಾಗಿ ನಿಲ್ಲಿಸಿದ ಮನೆಯನ್ನು ನೀವೆಲ್ಲಾದರೂ ಕಂಡಿದ್ದೀರಾ?

ತುಮಕೂರಿನ ಮರಳೂರಿಗೆ ಬನ್ನಿ. ನಮ್ಮನೆ ತೋರಿಸ್ತೀನಿ.

ಗಾಬರಿ ಬೇಡ, ಮೊದಲಿಂದ ಹೇಳ್ತೀನಿ. ನನ್ನ ಮಗಳು ಶ್ರುತಿಗೆ ಗುಬ್ಬಿಯ ಹುಡುಗ ಗೊತ್ತಾಗಿದ್ದಾನೆ. ಹುಡುಗ ಕಿರಣ್ ಒಳ್ಳೆಯವನು. ಅವನ ತಾಯಿ ಶಾರದಮ್ಮ ಇನ್ನೂ ಒಳ್ಳೆಯವರು. ತಂದೆ ರುದ್ರಪ್ಪನವರು... ಅವರೂ ಒಳ್ಳೆಯವರೇ ಇರಬೇಕು. ಆದರೆ ಗೊತ್ತಾಗೋದು ಹೇಗೆ? ಮನುಷ್ಯ ಬಾಯಿ ಬಿಟ್ಟರೆ ತಾನೆ? ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಅವರು ನಮ್ಮನೆಗೆ ಬಂದಾಗಲೆಲ್ಲ ಸೋಫಾದ ತುದಿಯಲ್ಲಿ ನೆಟ್ಟಗೆ ಕೂತು "ಹ್ಞೂಂ" ಅಂತಿದ್ದರು. ಸಕ್ಕರೆ ಸಾಕಾ ಅಂದರೆ ಹ್ಞೂಂ. ಇನ್ನೊಂಚೂರು ಹಾಕ್ಲಾ ಅಂದರೂ ಹ್ಞೂಂ.

(ನಮ್ಮ ಯಜಮಾನರೂ ಮಾತು ಕಮ್ಮಿಯವರೇ. ಇಬ್ಬರನ್ನೂ ಎದುರುಬದುರು ಕೂರಿಸಿದರೆ ಫ್ಯಾನ್ ತಿರುಗೋ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.)

ಆ ಹ್ಞೂಂ ಮೊದಲ ಸಲ ಊಹ್ಞೂಂ ಆಗಿದ್ದು ಛತ್ರದ ವಿಷಯಕ್ಕೆ. ನಾವು ಇಲ್ಲೇ ತುಮಕೂರಿನ ಬಟವಾಡಿಯಲ್ಲೊಂದು ಕಲ್ಯಾಣಮಂಟಪ ನೋಡಿಟ್ಟಿದ್ದೆವು. ಅವರು ಫೋನಿನಲ್ಲಿ, "ಗುಬ್ಬೀಲೇ ಆಗ್ಬೇಕು, ನಮ್ ಕಡೆ ಜನ ಜಾಸ್ತಿ" ಅಂದುಬಿಟ್ಟರು. ತುಮಕೂರಿಗೂ ಗುಬ್ಬಿಗೂ ಎಷ್ಟು ಮಹಾ ದೂರ? ಬಸ್ಸಿನಲ್ಲಿ ಒಂದು ಸಣ್ಣ ತೂಕಡಿಕೆ. ಆದರೆ ಮಧ್ಯೆ ಬೀಗರ ಬಿಗುಮಾನ ಬಂದು ಕೂತರೆ ಅದೇ ಏಳು ಸಮುದ್ರ. ಫೋನಿನ ಮಾತು ಚುಟುಕಾಯಿತು. ಆಮೇಲೆ ಫೋನೇ ನಿಂತಿತು.

ಒಂದು ಸಂಜೆ ಶ್ರುತಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ಒಂದು ಛತ್ರಕ್ಕೋಸ್ಕರ ಇದನ್ನ ಮುರೀತೀರಾ?" ಅಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ನನ್ನ ಚಪಾತಿ ಹಂಚಿನ ಮೇಲೇ ಸೀದುಹೋಯಿತು.

ಆಗಲೇ ಶಾರದಮ್ಮನವರಿಗೆ ಫೋನ್ ಹಚ್ಚಿದೆ. "ಭಾನುವಾರ ಊಟಕ್ಕೆ ಬನ್ನಿ. ಎದುರುಬದುರು ಕೂತು ಮಾತಾಡೋಣ."

ಮಾತು ಕೂಡಿಸೋದಕ್ಕೆ ಹಿರಿಯರೊಬ್ಬರು ಬೇಕಲ್ಲ? ಕುಣಿಗಲ್‌ನಿಂದ ನಮ್ಮಣ್ಣ ಮಹದೇವಣ್ಣನನ್ನು ಕರೆಸಿದೆ.

ನಮ್ಮಣ್ಣನ ಬಗ್ಗೆ ಒಂದು ಮಾತು. ರಿಟೈರ್ ಆದಮೇಲೆ ಅವನು ಮೊಬೈಲಿನೊಳಗೇ ಸಂಸಾರ ಹೂಡಿದ್ದಾನೆ. ಬೆಳಗ್ಗೆ ವಿಡಿಯೋದಲ್ಲಿ ಕಂಡದ್ದನ್ನು ಮಧ್ಯಾಹ್ನದೊಳಗೆ ಮಾಡಿ ನೋಡಲೇಬೇಕು. ಬಾಳೆಹಣ್ಣಿನ ಸಿಪ್ಪೆಯಲ್ಲಿ ಶೂ ಪಾಲಿಶ್ ಮಾಡಿ ಮನೆ ತುಂಬ ನೊಣ ಕರೆದ. ಟೂತ್‌ಪೇಸ್ಟ್ ಹಚ್ಚಿ ಕನ್ನಡಕ ಉಜ್ಜಿ, ಈಗ ಅತ್ತಿಗೆಯನ್ನು ಮಸುಕುಮಸುಕಾಗಿ ನೋಡ್ತಾನೆ. (ವಯಸ್ಸು ಕಮ್ಮಿ ಕಾಣ್ತೀನಂತೆ ಅಂತ ಅತ್ತಿಗೆಗೆ ಖುಷಿ.)

ಶನಿವಾರ ಬಂದವನ ಚೀಲದಲ್ಲಿ ಹಸಿರು ಬಣ್ಣದ ಕೂಲ್ ಡ್ರಿಂಕ್ ಬಾಟಲಿ, ಅಡುಗೆ ಸೋಡಾ, ಜೊತೆಗೆ ಮೆಡಿಕಲ್ ಸ್ಟೋರಿನಿಂದ ತಂದ, ಗಾಯ ತೊಳೆಯೋ ಪೆರಾಕ್ಸೈಡ್.

"ಏನಣ್ಣ ಇದು?"

"ಬೀಗ್ರಿಗೆ ಬರೀ ಒಬ್ಬಟ್ಟು ಹಾಕಿ ಕಳಿಸ್ತೀಯೇನೇ? ಈ ಬಾಟ್ಲಿಗೆ ಇವೆರಡನ್ನ ಹಾಕಿ ಕುಲುಕಿದ್ರೆ ಕತ್ತಲಲ್ಲಿ ಮಿಣುಕುಹುಳದಂಗೆ ಹೊಳೀತದೆ ಕಣೇ. ನೋಡ್ದೋರು ಬಾಯಿ ಬಿಡ್ಬೇಕು. ಬಾಯಿ ಬಿಟ್ಮೇಲೆ ಮಾತು ತಾನೇ ಬರ್ತದೆ."

ಶ್ರುತಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಾಳೆ. ಬಾಟಲಿ ನೋಡಿದವಳೇ ತಲೆ ಅಲ್ಲಾಡಿಸಿದಳು. "ಮಾವ, ಅದು ಹೊಳೆಯಲ್ಲ. ಆ ವಿಡಿಯೋ ಸುಳ್ಳು. ಅವ್ರು ಕತ್ತಲಲ್ಲಿ ಹೊಳೆಯೋ ಗ್ಲೋ ಸ್ಟಿಕ್ ಕಡ್ಡಿ ಕತ್ತರಿಸಿ, ಒಳಗಿರೋ ನೀರನ್ನ ಮೊದಲೇ ಬೆರೆಸಿರ್ತಾರೆ."

"ಲಕ್ಷಗಟ್ಲೆ ಜನ ಲೈಕ್ ಒತ್ತವ್ರೆ. ಅವ್ರೆಲ್ಲ ದಡ್ಡರಾ?"

"ಹೂಂ ಮಾವ."

"ನಿಮ್ ಕಾಲೇಜ್ ಬುಕ್ಕು ಹಳೇದಾಗಿರ್ಬೇಕು, ಬುಡು."

ಎಂಎಸ್ಸಿ ಮಾಡಿದ ಸೋದರಸೊಸೆಯ ಮಾತಿಗಿಂತ, ವಿಡಿಯೋದಲ್ಲಿ ಮುಖವೇ ತೋರಿಸದ ಎರಡು ಕೈಗಳ ಮೇಲೆ ಹೆಚ್ಚು ನಂಬಿಕೆ! ನಗಬೇಡಿ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಾರೆ.

ಭಾನುವಾರ ಬಂತು. ಬೀಗರೂ ಬಂದರು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಕೋಸಂಬರಿ. ಎಲ್ಲರೂ ಹೊಗಳಿದರು. ರುದ್ರಪ್ಪನವರು ಹ್ಞೂಂ ಅಂದರು. ಎಲೆ ಅಡಿಕೆ ತಟ್ಟೆ ಬರೋ ಹೊತ್ತಿಗೆ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡರು. "ಆ ಛತ್ರದ ವಿಷ್ಯ..."

"ಗುಬ್ಬೀಲಿ ಛತ್ರಕ್ಕೆ ಹೇಳಿಬಿಟ್ಟಿದೀನಿ," ಅಂದರು ರುದ್ರಪ್ಪನವರು.

"ನಮ್ಮನ್ನ ಒಂದು ಮಾತು ಕೇಳ್ದೇನೇ?"

"ಹ್ಞೂಂ."

ನಮ್ಮ ಯಜಮಾನರ ಕಿವಿ ಕೆಂಪಗಾಯಿತು. ಕಿರಣ್ ತಲೆ ತಗ್ಗಿಸಿದ. ಶ್ರುತಿ ಬಾಗಿಲ ಬಳಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಇನ್ನೊಂದು ಮಾತು ಯಾರ ಬಾಯಿಂದ ಬಂದಿದ್ದರೂ ಕಥೆ ಮುಗಿಯುತ್ತಿತ್ತು.

ಆಗ ಎದ್ದು ನಿಂತ ನಮ್ಮಣ್ಣ. "ಬನ್ನಿ ಬೀಗ್ರೆ! ಎಲ್ರೂ ಬನ್ನಿ! ಒಂದು ವಿಸ್ಮಯ ತೋರಿಸ್ತೀನಿ."

ಎಲ್ಲರೂ ಹೋದರು. ಯಾಕೆ ಅಂತೀರಾ? ಆ ಹಾಲ್‌ನಲ್ಲಿ ಕೂತಿರೋದಕ್ಕಿಂತ ಯಾವ ವಿಸ್ಮಯವಾದರೂ ವಾಸಿ ಅನ್ನಿಸಿತ್ತು.

ಬೆಳಗ್ಗೆಯೇ ಅಣ್ಣ ಮಲಗೋ ಕೋಣೆಯ ಕಿಟಕಿಗೆ ಕಂಬಳಿ ಹೊಡೆದಿದ್ದ. ಬಾಗಿಲು ಹಾಕಿದ್ದೇ ಕಾಡಿಗೆಯಂಥ ಕತ್ತಲೆ. ನುಸಿಗುಳಿಗೆ ವಾಸನೆ. ರೇಷ್ಮೆ ಸೀರೆಗಳ ಸರಬರ. ಯಾರೋ ನನ್ನ ಕಾಲು ತುಳಿದರು. ಅಣ್ಣ ಪೆರಾಕ್ಸೈಡ್ ಸುರಿದ, ಸೋಡಾ ಹಾಕಿದ, "ನೋಡ್ತಿರಿ, ನೋಡ್ತಿರಿ" ಅಂತ ಕುಲುಕಿದ.

ಬುಸ್ಸ್!

ನೊರೆ ಉಕ್ಕಿ ಮಂಚದ ಮೇಲೆ, ನನ್ನ ಸೀರೆ ಮೇಲೆ, ಇನ್ನೂ ಯಾರ ಮೇಲೋ ಹಾರಿತು. ಬೆಳಕು ಮಾತ್ರ ಇಲ್ಲ. ಒಂದು ಮಿಣುಕೂ ಇಲ್ಲ.

"ತಾಳಿ. ಈಗ ಬರ್ತದೆ," ಅಂದ ಅಣ್ಣ.

ತಾಳಿದೆವು. ಬರಲಿಲ್ಲ. ಶುಭಕಾರ್ಯದ ಮಾತಿಗೆ ಬಂದವರನ್ನು ಕತ್ತಲಲ್ಲಿ ನಿಲ್ಲಿಸಿ ಅಂಟುನೀರು ಎರಚಿದ್ದೇವೆ. ಮುಗೀತು ಅಂದುಕೊಂಡೆ. ಅಷ್ಟರಲ್ಲಿ ಕತ್ತಲೊಳಗಿಂದ ಒಂದು ಗಂಡು ದನಿ, ತುಂಬ ಗಂಭೀರವಾಗಿ:

"ಸೋಡಾ ಜಾಸ್ತಿ ಆಯ್ತು. ನಾನೂ ಮೊದ್ಲು ಹಿಂಗೇ ಮಾಡಿದ್ದೆ."

ರುದ್ರಪ್ಪನವರು!

"ಯಾವಾಗ್ರೀ ಮಾಡಿದ್ರಿ?" ಶಾರದಮ್ಮನವರ ದನಿ.

ತಗ್ಗಿದ ದನಿಯಲ್ಲಿ, "ನೀನು ತೌರಿಗೆ ಹೋಗಿದ್ಯಲ್ಲ, ಅವಾಗ."

"ಅಯ್ಯೋ ಶಿವನೇ! ಹಾಗಾದ್ರೆ ನನ್ ಹೊಸ ಮಿಕ್ಸಿ ಜಾರು? ಬೆಕ್ಕು ಬೀಳಿಸ್ತು ಅಂದ್ರಲ್ರೀ!"

"ಅದ್ರಲ್ಲೇ ಕುಲುಕ್ತಿದ್ದೆ, ಕೈ ಜಾರ್ತು. ಬೆಕ್ಕು ಅಂದ್ಬಿಟ್ಟೆ. ಇನ್ನೇನನ್ಲಿ?"

"ಆ ಬೆಕ್ಕಿಗೆ ನಾನು ಹಾಲು ಹಾಕೋದೇ ನಿಲ್ಲಿಸಿದೀನಲ್ರೀ!"

ಮೊದಲು ನಕ್ಕಿದ್ದು ಕಿರಣ್. ಆಮೇಲೆ ನಮ್ಮ ಯಜಮಾನರು. (ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿ ವರ್ಷಗಳಾಗಿತ್ತು. ಅವತ್ತೂ ನೋಡಲಿಲ್ಲ, ಕತ್ತಲಿತ್ತು.) ಕೊನೆಗೆ ರುದ್ರಪ್ಪನವರೇ ನಗಲು ಶುರು ಮಾಡಿದರು. ಒಣಕೊಬ್ಬರಿ ಮೂಟೆ ಬಿಚ್ಚಿ ನೆಲಕ್ಕೆ ಸುರಿದ ಹಾಗೆ ಗಡಗಡ ನಗು.

ನಗು ಇಳಿದ ಮೇಲೆ ಶ್ರುತಿ ಮೆಲ್ಲಗೆ, "ನಿಜವಾಗ್ಲೂ ಹೊಳೆಯೋದು ಒಂದಿದೆ. ಅರಿಶಿನ. ಆದ್ರೆ ಕಳ್ಳನೋಟು ಚೆಕ್ ಮಾಡ್ತಾರಲ್ಲ, ಆ ನೀಲಿ ಲೈಟ್ ಬೇಕು" ಅಂದಳು.

"ಐತಲ್ಲಮ್ಮ, ನನ್ ಕೀ ಗೊಂಚಲಲ್ಲೇ ಐತೆ!" ಅಂದರು ರುದ್ರಪ್ಪನವರು. ಮಂಡಿ ವ್ಯಾಪಾರದವರಲ್ಲವೇ!

ಕೊರೋನಾ ಕಾಲದ ಸ್ಯಾನಿಟೈಜರ್ ಬಾಟಲಿಯೊಂದು ಔಷಧಿ ಡಬ್ಬಿಯ ತಳದಲ್ಲಿತ್ತು. ಶ್ರುತಿ ಗಾಜಿನ ಲೋಟಕ್ಕೆ ಅದನ್ನು ಬಗ್ಗಿಸಿ, ಚಿಟಿಕೆ ಅರಿಶಿನ ಕಲಕಿ, ತಳಕ್ಕೆ ಇಳಿಯಲು ಬಿಟ್ಟಳು. "ಇದೂ ತಾನಾಗೇ ಹೊಳೆಯಲ್ಲ. ಲೈಟ್ ಬಿದ್ರೆ ಮಾತ್ರ. ಯಾರೂ ಕುಡೀಬೇಡಿ" ಅಂತ ಹಿರಿಯರಿಗೆಲ್ಲ ಮಕ್ಕಳಿಗೆ ಹೇಳುವಂತೆ ಹೇಳಿದಳು. ಬಾಗಿಲು ಮತ್ತೆ ಹಾಕಿದ ಮೇಲೆ ರುದ್ರಪ್ಪನವರು ಬೆರಳ ತುದಿಯಲ್ಲಿ ಬಟನ್ ಒತ್ತಿದರು.

ಲೋಟದೊಳಗೆ ಎಳೆ ಹಸಿರು ಬೆಳಕು ತುಂಬಿಕೊಂಡಿತು. ನಮ್ಮನೆ ಡಬ್ಬಿಯ ಅದೇ ಅರಿಶಿನ! ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು.

ಆಮೇಲೆ ಗಂಡಸರನ್ನು ಹಿಡಿಯೋರೇ ಇಲ್ಲ. ರುದ್ರಪ್ಪನವರು ಲೈಟು ಹಿಡಿದು ಕೋಣೆಯಲ್ಲಿದ್ದದ್ದನ್ನೆಲ್ಲ ತಪಾಸಣೆ ಮಾಡಿದರು. ಯಜಮಾನರ ಬಿಳಿ ಅಂಗಿ ಸೋಪಿನ ಪುಡಿ ಪುಣ್ಯದಿಂದ ನೀಲಿಯಾಗಿ ಮಿನುಗಿತು. ಅವರು ನಕ್ಕಾಗ ಹಲ್ಲೂ ಮಿನುಗಿದವು. ಮುಂದಿನದೊಂದು ಮಾತ್ರ ಕಪ್ಪಗೆ.

"ಬೀಗ್ರೆ, ಒಂದು ಹಲ್ಲು ಡೂಪ್ಲಿಕೇಟಾ?"

ಕಟ್ಟಿಸಿದ ಹಲ್ಲು ಅಂತ ಯಾರಿಗೂ ಗೊತ್ತಾಗಬಾರದು ಅಂತ ನಮ್ಮ ಯಜಮಾನರು ಎಷ್ಟು ಎಚ್ಚರ ವಹಿಸಿದ್ದರು ಅಂತೀರಿ! "ಹ್ಞೂಂ" ಅಂದರು, ಪಾಪ.

ಅತ್ತ ಮೂವರು ಹಿರಿಯರು ಲೋಟದ ಸುತ್ತ ತಲೆ ಕೂಡಿಸಿದ್ದಾಗ, ಇತ್ತ ನಾನೂ ಶಾರದಮ್ಮನವರೂ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಛತ್ರದ ವಿಷಯ ಮುಗಿಸಿದೆವು. ಮದುವೆ ತುಮಕೂರಿನಲ್ಲಿ, ಬೀಗರೂಟ ಗುಬ್ಬಿಯಲ್ಲಿ. "ನಿಮ್ಮನೆಯವ್ರು ಒಪ್ತಾರಾ?" ಅಂದೆ.

"ಒಪ್ಪದೆ ಏನು ಮಾಡ್ತಾರೆ? ಮಿಕ್ಸಿ ಜಾರಿನ ಲೆಕ್ಕ ಇನ್ನೂ ಬಾಕಿ ಐತೆ," ಅಂದರು ಶಾರದಮ್ಮ.

ಒಪ್ಪಿದರು. ನಮ್ಮಣ್ಣ ಮಾತ್ರ ಸೋಡಾ ಬ್ರ್ಯಾಂಡ್ ಸರಿಯಿರಲಿಲ್ಲ ಅಂತ ಇವತ್ತಿಗೂ ವಾದ ಮಾಡ್ತಾನೆ.

ನಾನು ಯೋಚಿಸೋದು ಬೇರೆ. ಆ ವಾರವಿಡೀ ನಾನು ಏನೇನು ಮಾಡಿದ್ದೆ? ಸೋಫಾಕ್ಕೆ ಹೊಸ ಕವರ್. ಪಕ್ಕದ ಮನೆಯಿಂದ ಪಿಂಗಾಣಿ ಕಪ್ಪು. ಗೋಡೆಯ ತೇವದ ಕಲೆಗೆ ಅಡ್ಡಲಾಗಿ ಕ್ಯಾಲೆಂಡರು. ಅಲ್ಲಿ ಗುಬ್ಬಿಯಲ್ಲಿ ಅವರೂ ಇಸ್ತ್ರಿ ಗರಿ ಮುರಿಯದ ಅಂಗಿ ತೊಟ್ಟು, ಮಾತು ಜಾರಿದರೆ ಮರ್ಯಾದೆ ಹೋದೀತು ಅಂತ ಹ್ಞೂಂ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಎರಡೂ ಕಡೆಯವರು ಇಷ್ಟು ಚೊಕ್ಕವಾಗಿ ಕೂತರೆ ಸಂಬಂಧ ಕೂಡೋದಾದರೂ ಎಲ್ಲಿಂದ?

ಅಂದ ಹಾಗೆ, ನೀವು ನಿಮ್ಮ ಬೀಗರ ಮುಂದೆ ಕೊನೇ ಸಲ ದಡ್ಡರಾಗಿದ್ದು ಯಾವಾಗ?