ಇಳಿ ಕೆಳಗೆ

ಅಕ್ಕನ ಎದೆಯಲ್ಲಿ ಕರುಣೆ ಎನ್ನುವ ಪದಾರ್ಥ ಇರಲಿಲ್ಲ. ಈ ಮಾತನ್ನು ಹೇಳುತ್ತಿದ್ದವಳು ಅವಳ ಒಡಹುಟ್ಟಿದ ತಂಗಿಯೇ. ತಾನು ಇವತ್ತು ಎರಡು ಹೊತ್ತು ಊಟ ಮಾಡುತ್ತಿರುವುದು ಅಕ್ಕನ ದೆಸೆಯಿಂದ ಎಂದು ಅದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಿದ್ದವಳೂ ಅವಳೇ.

ಅಕ್ಕ ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಬೀದಿಯವರು ಅವಳನ್ನು ವಿಸಿಲ್ ಅಕ್ಕ ಎಂದು ಕರೆಯುತ್ತಿದ್ದರು. ಆದರೆ ಅವಳು ವಿಸಿಲ್ ಊದಿದ್ದನ್ನು ಕಂಡವರು ಯಾರೂ ಇಲ್ಲ. ಊದುವ ಅಗತ್ಯವೇ ಬಿದ್ದಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಅವಳು ಒಂದು ಮಾತು ಆಡಿದರೆ ಡ್ರೈವರ್ ಬ್ರೇಕ್ ತುಳಿಯುತ್ತಿದ್ದ, ಕೂಸುಗಳು ಅಳು ನಿಲ್ಲಿಸುತ್ತಿದ್ದವು, ಜೇಬಿಗೆ ಕೈ ಹಾಕಲು ಬಂದವರು ತಮ್ಮ ಜೇಬಿಗೇ ಕೈ ಹಾಕಿಕೊಳ್ಳುತ್ತಿದ್ದರು.

ತಂಗಿಗೆ ಹತ್ತೊಂಬತ್ತು ತುಂಬಿದ ವರ್ಷ ನಡೆದದ್ದು ಇದು. ಕೆಲಸ ಕಲಿಯಲು ಹೋಗುವ ಆತುರದಲ್ಲಿ ಅವಳು ಪರ್ಸ್ ಮರೆತು ಬಸ್ ಹತ್ತಿದಳು. ಹತ್ತಿದ ಮೇಲೆ ನೋಡಿದರೆ ಟಿಕೆಟ್ ಕೊಡುತ್ತಿದ್ದವಳು ಅಕ್ಕ. ಸದ್ಯ ಬಚಾವಾದೆ ಎಂದುಕೊಂಡಳು.

"ಟಿಕೆಟ್."

"ಅಕ್ಕಾ, ಪರ್ಸ್ ಮನೇಲೇ ಬಿಟ್ಟು ಬಂದೆ."

"ಇಳಿ ಕೆಳಗೆ."

ತುಂಬಿದ ಬಸ್ಸಿನ ಎದುರು ಇಳಿದು, ಬಿಸಿಲಲ್ಲಿ ಐದು ಸ್ಟಾಪ್ ನಡೆದಳು. ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ತಡೆಯಲಾಗಲಿಲ್ಲ. "ನಿನ್ನ ಕೈಯಿಂದ ಕಾಸು ಹಾಕಿ ಟಿಕೆಟ್ ಹರಿಯೋಕೆ ಆಗ್ತಿರಲಿಲ್ವಾ?"

"ಡ್ಯೂಟಿ ಮೇಲಿರೋ ಕಂಡಕ್ಟರ್ ಹತ್ರ ಸ್ವಂತ ಕಾಸು ಇರಕೂಡದು. ಅದು ರೂಲು. ಸಾರು ಹಾಕ್ಲಾ?" ಎಂದಳು ಅಕ್ಕ.

ಅಷ್ಟೇ. ಕಾಲು ನೋಯುತ್ತಿದೆಯಾ ಎಂದು ಕೂಡ ಕೇಳಲಿಲ್ಲ. ಆ 'ಇಳಿ ಕೆಳಗೆ' ತಂಗಿಯ ಕಿವಿಯಲ್ಲಿ ಮೂವತ್ತು ವರ್ಷ ಉಳಿಯಿತು.

ಆದರೆ ಅವಳನ್ನು ಕೆಲಸ ಕಲಿಯಲು ಹಚ್ಚಿದ್ದೂ ಇದೇ ಅಕ್ಕ. ತಾಯಿ ತೀರಿಕೊಂಡ ವರ್ಷ ತಂಗಿ ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ಹುಡುಗಿ. ಅಕ್ಕ ಅವಳ ಕೈ ಹಿಡಿದು ರಫೂ ಮೇಷ್ಟ್ರ ಅಂಗಡಿಗೆ ಕರೆದೊಯ್ದು ಎದುರಿಗೆ ನಿಲ್ಲಿಸಿದಳು. "ಇವಳಿಗೆ ಮಾತು ಬರಲ್ಲ, ಕಣ್ಣು ಚೆನ್ನಾಗಿದೆ. ಕಲಿಸಿ," ಎಂದಳು. ಆ ಒಂದು ಮಾತಿನ ಮೇಲೆ ತಂಗಿಯ ಬದುಕು ನಿಂತಿತು. ಮುಂದೆ ಗಂಡ ಬೇಗ ತೀರಿಕೊಂಡಾಗಲೂ, ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟಾಗಲೂ ಅವಳ ಕೈಯಲ್ಲಿದ್ದದ್ದು ಆ ಸೂಜಿಯೇ.

ರಫೂ ಎಂದರೆ ತೇಪೆಯಲ್ಲ. ಹರಿದ ಬಟ್ಟೆಯ ಒಳಮಡಿಕೆಯಿಂದ ಅದೇ ಬಣ್ಣದ ಎಳೆಗಳನ್ನು ಬಿಡಿಸಿ, ತೂತಿನ ಜಾಗದಲ್ಲಿ ಒಂದೊಂದಾಗಿ ನೇಯ್ದು ತುಂಬಬೇಕು. ಮುಗಿದ ಮೇಲೆ ತೂತು ಎಲ್ಲಿತ್ತು ಎಂದು ಬಟ್ಟೆಯ ಒಡೆಯನಿಗೇ ಗೊತ್ತಾಗಬಾರದು. ಒಂದು ಸಾಲು ಹಿಡಿದರೆ ಅದು ಮುಗಿಯುವವರೆಗೆ ಏಳುವ ಹಾಗಿಲ್ಲ. ನಡುವೆ ಎದ್ದರೆ ಎಳೆಯ ಬಿಗಿ ಸಡಿಲವಾಗಿ ಅಲ್ಲೊಂದು ಗೆರೆ ಉಳಿಯುತ್ತದೆ. ಬಾಗಿಲು ಬಡಿದರೂ, ಫೋನ್ ಬಂದರೂ, ಹಾಲು ಉಕ್ಕಿದರೂ ತಂಗಿ ಏಳುತ್ತಿರಲಿಲ್ಲ.

ಅದಕ್ಕಾಗಿಯೇ ಮನೆಯ ಮುಂದಿನ ಜಗಲಿಯ ಮೇಲೆ ಮುಚ್ಚಳವಿರುವ ದೊಡ್ಡ ಮರದ ಪೆಟ್ಟಿಗೆ ಇಟ್ಟಿದ್ದಳು. ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ಬಂದು, ಎಲ್ಲಿ ಹರಿದಿದೆ ಎಂದು ಚೀಟಿಯಲ್ಲಿ ಬರೆದು, ಬಟ್ಟೆಗೆ ಪಿನ್ ಮಾಡಿ ಪೆಟ್ಟಿಗೆಯಲ್ಲಿ ಇಟ್ಟು ಹೋಗುವುದು ಗಿರಾಕಿಗಳ ರೂಢಿ. ಬೀಗ ಹಾಕಿದರೆ ತೆಗೆಯಲು ಅವಳೇ ಎದ್ದು ಬರಬೇಕು. ಬೀಗದ ಜೊತೆ ಮುಚ್ಚಳದಲ್ಲಿ ಸೀಳು ಬಿಟ್ಟರೆ ಉಣ್ಣೆಯ ಕೋಟು ಅದರಲ್ಲಿ ತೂರುವುದಿಲ್ಲ. ಇಪ್ಪತ್ತೆರಡು ವರ್ಷ ಆ ಪೆಟ್ಟಿಗೆಯಿಂದ ಒಂದು ಕರವಸ್ತ್ರವೂ ಕಳೆದಿರಲಿಲ್ಲ.

ಹೋದ ಚಳಿಗಾಲದಲ್ಲಿ ಒಂದೇ ತಿಂಗಳಿಗೆ ಎರಡು ಕೋಟು ಹೋದವು. ಹಾಡುಹಗಲು, ಅವಳು ಒಳಗಿನ ಕೋಣೆಯ ಕಿಟಕಿ ಬೆಳಕಿನಲ್ಲಿ ಕೂತಿದ್ದಾಗಲೇ. ಎರಡನೆಯ ಕೋಟಿನ ಒಡೆಯ ಜಗಳವಾಡಲಿಲ್ಲ. "ಹೋಗ್ಲಿ ಬಿಡಮ್ಮ, ನಮ್ಮಪ್ಪಂದು," ಎಂದು ಹೇಳಿ ಹೊರಟುಹೋದ, ಮತ್ತೆ ಬರಲಿಲ್ಲ. ತಂಗಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ಅವಳ ಹತ್ತಿರ ಬರುವ ಬಟ್ಟೆಗಳೆಲ್ಲ ಅಂಥವೇ, ಹೊಸದು ಕೊಳ್ಳಲಾಗದವು. ಇನ್ನೊಂದು ಹೋದರೆ ಪೆಟ್ಟಿಗೆ ಖಾಲಿ ಬೀಳುತ್ತದೆ, ಪೆಟ್ಟಿಗೆಯ ಹಿಂದೆಯೇ ಸೂಜಿಯೂ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಗಳ ಗಂಡ ಒಂದು ಭಾನುವಾರ ಕ್ಯಾಮೆರಾ ತಂದು ಬಾಗಿಲ ಮೇಲೆ ಕೂರಿಸಿದ. "ಅತ್ತೆ, ಇದು ಸುಮ್ನೆ ನೋಡ್ಕೊಂಡು ಕೂರೋ ಜಾತಿ ಅಲ್ಲ. ಯಾರಾದ್ರೂ ಮೆಟ್ಟಿಲು ಹತ್ತಿದ್ರೆ ದೀಪ ಹಾಕುತ್ತೆ, ಐದು ಎಣಿಸಿ ಬಾಯಿ ಬಿಡುತ್ತೆ. ಫೋನಲ್ಲೂ ನೋಡಬಹುದು, ಫೋನಿಂದಾನೇ ಮಾತೂ ಆಡಬಹುದು."

ಬಾಯಿ ಬಿಟ್ಟದ್ದನ್ನು ಕೇಳಿ ತಂಗಿಗೆ ಪಿಚ್ಚೆನಿಸಿತು. ವಿಮಾನದಲ್ಲಿ ನೀರು ಬೇಕೇ ಎಂದು ಕೇಳುವ ಹೆಣ್ಣು ದನಿಯಲ್ಲಿ ಅದು, 'ದಯವಿಟ್ಟು ಗಮನಿಸಿ, ಈ ಸ್ಥಳವು ಕಣ್ಗಾವಲಿನಲ್ಲಿದೆ' ಎಂದಿತು. ಮೂರನೆಯ ದಿನ ಟೋಪಿ ಹಾಕಿದ ಒಬ್ಬ ಆ ದನಿಯನ್ನು ಪೂರ್ತಿ ಕೇಳಿ, ಕ್ಯಾಮೆರಾಕ್ಕೆ ಕೈ ಮುಗಿದು, ಪೆಟ್ಟಿಗೆಯನ್ನು ಕೆದಕಿ ನೋಡಿದ. ಪುಣ್ಯಕ್ಕೆ ಅದು ಖಾಲಿ ಇತ್ತು.

ಅಳಿಯ ತಲೆ ಕೆರೆದುಕೊಂಡ. "ನಮ್ಮದೇ ದನಿ ರೆಕಾರ್ಡ್ ಮಾಡಿ ಹಾಕಬಹುದು. ಅತ್ತೆ, ನೀವೇ ಒಂದ್ಸಲ ಬೈರಿ."

ತಂಗಿ ಬೈದಳು. ರೆಕಾರ್ಡ್ ಹಾಕಿ ಕೇಳಿದರೆ ಯಾರೋ ವಿಳಾಸ ವಿಚಾರಿಸಿದ ಹಾಗಿತ್ತು. ಇಬ್ಬರೂ ಒಟ್ಟಿಗೆ ಸೋಫಾದ ಕಡೆ ತಿರುಗಿದರು. ಅಲ್ಲಿ ಅಕ್ಕ ಚಹಾ ಕುಡಿಯುತ್ತಿದ್ದಳು.

"ಏನು?" ಎಂದಳು.

"ದೊಡ್ಡಮ್ಮ, ಒಬ್ಬ ಕಳ್ಳ ನಿಮ್ಮ ಬಸ್ ಹತ್ತಿದಾನೆ ಅಂದ್ಕೊಳ್ಳಿ."

ಅಕ್ಕ ಕಪ್ಪನ್ನು ಕೆಳಗಿಟ್ಟಳು. ಫೋನನ್ನು ಬಾಯಿಯ ಹತ್ತಿರವೂ ತರಲಿಲ್ಲ. "ಏಯ್. ಕೈ ತೆಗಿ. ಅದು ನಿಂದಲ್ಲ. ಇಳಿ ಕೆಳಗೆ." ಮತ್ತೆ ಕಪ್ಪು ತೆಗೆದುಕೊಂಡಳು. ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತ್ತು.

ಟೋಪಿಯವನು ಮುಂದಿನ ವಾರ ಬಂದ. ಐದು ಎಣಿಸಿದ ಮೇಲೆ ಅಕ್ಕನ ದನಿ ನೆತ್ತಿಯ ಮೇಲಿಂದ ಬಿತ್ತು. ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿದು ಕಾಲಿಗೆ ಬುದ್ಧಿ ಹೇಳಿದ. ಟೋಪಿ ಮಾತ್ರ ಹಿಂದೆ ಉಳಿಯಿತು. ತಂಗಿ ಅದನ್ನು ತೆಗೆದು ನೋಡಿದಳು. ಅಂಚು ಹರಿದಿತ್ತು. ಕೈ ಸುಮ್ಮನಿರಲಿಲ್ಲ, ಹೊಲಿದು ಮೆಟ್ಟಿಲ ಪಕ್ಕದ ಮೊಳೆಗೆ ನೇತುಹಾಕಿದಳು.

ಅಂದಿನಿಂದ ಒಂದು ಎಳೆಯೂ ಕಳೆಯಲಿಲ್ಲ. ಆದರೆ ಗಿರಾಕಿಗಳ ಬೆವರಿಳಿಯಿತು. ಅಕ್ಕನ ದನಿಗೆ ಕಳ್ಳರು, ಸಭ್ಯರು ಎಂಬ ಭೇದ ಇರಲಿಲ್ಲ. ಪಿಟೀಲು ಕಲಿಸುವ ಟೀಚರಮ್ಮ ತಾಯಿಯ ಕಾಲದ ಶಾಲು ತಂದವರು ಎರಡೂ ಕೈ ಮೇಲೆತ್ತಿ ನಿಂತರಂತೆ. ಆಮೇಲೆ ಚೀಟಿಯಲ್ಲಿ 'ಅಂಚಿನಲ್ಲಿ ಹುಳ ತಿಂದಿದೆ' ಎನ್ನುವುದರ ಕೆಳಗೆ 'ನಾನು ಕಳ್ಳಿಯಲ್ಲ' ಎಂದೂ ಬರೆದಿಟ್ಟಿದ್ದರು. ಬೀದಿಯಲ್ಲಿ 'ಇಳಿ ಕೆಳಗೆ' ಎನ್ನುವುದು ಗಾದಿಯ ಮೇಲೆ ಕುಣಿಯುವ ಮಕ್ಕಳಿಂದ ಹಿಡಿದು ಮಹಡಿಯ ಮುದುಕರವರೆಗೆ ಎಲ್ಲರ ಬಾಯಲ್ಲೂ ಓಡಾಡಿತು.

"ಅಕ್ಕಾ, ಸ್ವಲ್ಪ ಮೆತ್ತಗೆ ಇನ್ನೊಂದ್ಸಲ ಹೇಳ್ತೀಯಾ?"

"ತಪ್ಪು ಮಾಡದೋರಿಗೆ ಯಾಕೆ ಭಯ?"

"ಟೀಚರಮ್ಮಂಗೆ ಎದೆ ಹಿಡ್ಕೊಂಡಿತ್ತಂತೆ ಕಣೇ."

"ಹಿಡ್ಕೊಂಡು ಬಿಟ್ಟಿದೆ ತಾನೇ?"

ಮರುದಿನ ಅಕ್ಕ ಅಳಿಯನನ್ನು ಕರೆಸಿ, ಕ್ಯಾಮೆರಾವನ್ನು ತನ್ನ ಫೋನಿಗೂ ಜೋಡಿಸಿಕೊಂಡಳು. ಐದು ಎಣಿಸುವಷ್ಟರಲ್ಲಿ ಗುಂಡಿ ಒತ್ತಿದರೆ ರೆಕಾರ್ಡು ಸುಮ್ಮನಾಗುತ್ತಿತ್ತು, ಅವಳೇ ಮಾತಾಡಬಹುದಿತ್ತು. ನಿವೃತ್ತಿಯಾದ ಮೇಲೆ ಅಕ್ಕ ಬೆಳಗ್ಗೆ ಐದಕ್ಕೇ ಎದ್ದು, ಹೋಗಲು ಡ್ಯೂಟಿ ಇಲ್ಲದೆ, ತನ್ನ ಒಂಟಿ ಕೋಣೆಯ ಕಿಟಕಿಯಿಂದ ಬರಹೋಗುವ ಬಸ್ಸುಗಳ ತಪ್ಪು ಹುಡುಕುತ್ತ ಕೂರುತ್ತಿದ್ದಳು. ಈಗ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಂಗಿಯ ಜಗಲಿ ಕಾಯತೊಡಗಿದಳು. ಗಿರಾಕಿ ಎಂದು ಗೊತ್ತಾದರೆ, "ಹಾಕಿ, ಹಾಕಿ. ಚೀಟಿ ಪಿನ್ ಮಾಡಿ. ಆಯ್ತಲ್ಲ, ಮುಂದೆ ನಡೀರಿ," ಎನ್ನುತ್ತಿದ್ದಳು. ಜನರಿಗೂ ಅಭ್ಯಾಸವಾಯಿತು. ಟೀಚರಮ್ಮ ಕ್ಯಾಮೆರಾದ ಕಡೆ ನೋಡಿ ನಮಸ್ಕಾರ ಹೇಳಿ ಹೋಗುವಷ್ಟಾದರು. ಒಳಗಿನ ಕೋಣೆಯಲ್ಲಿ ಎಳೆ ನೇಯುತ್ತ ಕೂತ ತಂಗಿಗೆ ಆ ದನಿ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಈಗ ಅವಳು ಜಗಲಿಯ ಚಿಂತೆ ಬಿಟ್ಟು ಸಾಲು ಮುಗಿಸುತ್ತಿದ್ದಳು. ಕರುಣೆ ಇಲ್ಲದಿದ್ದರೆ ಬೇಡ, ಕಾವಲಿದೆಯಲ್ಲ, ಅದೇ ದೊಡ್ಡದು ಎಂದುಕೊಂಡಳು.

ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ನನ್ನ ಕೋಟು ಮೊಣಕೈಯಲ್ಲಿ ತೂತಾಗಿದೆ. ನಾಳೆ ಬೆಳಗ್ಗೆ ಪೆಟ್ಟಿಗೆಗೆ ಹಾಕ್ತೀನಿ."

ಕಂಡಕ್ಟರುಗಳಿಗೆ ಕೊಡುವ ನೀಲಿ ಉಣ್ಣೆಯ ಕೋಟು ಅದು. ನಿವೃತ್ತಿಯ ದಿನ ಚೀಲ, ಬಿಲ್ಲೆ, ಟಿಕೆಟ್ ಮೆಷಿನ್ ಎಲ್ಲ ಒಪ್ಪಿಸಿದಾಗ ಇಲಾಖೆ ಅವಳಿಗೇ ಬಿಟ್ಟುಕೊಟ್ಟದ್ದು ಅದೊಂದನ್ನೇ. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಂಗಿಯ ಮಗಳು ಒಮ್ಮೆ ಆಟಕ್ಕೆ ತೊಟ್ಟುಕೊಂಡು ಬೈಸಿಕೊಂಡಿದ್ದಳು.

"ಪೆಟ್ಟಿಗೆ ಯಾಕೆ? ಒಳಗೆ ಬಂದು ಕೊಡು. ಕೂತಿರು, ಮಧ್ಯಾಹ್ನದೊಳಗೆ ಮಾಡ್ಕೊಡ್ತೀನಿ."

"ಎಲ್ಲರ ಹಾಗೆ ನಂದೂ. ಸರದಿ ಬಂದಾಗ ಮಾಡು."

ಮರುದಿನ ಕೊರೆಯುವ ಚಳಿ. ಸೂಜಿ, ದಾರ ತರಲೆಂದು ತಂಗಿ ಏಳಕ್ಕೇ ಪೇಟೆಗೆ ಹೋಗಿ ಹತ್ತಕ್ಕೆ ಮರಳಿದಳು. ಪೆಟ್ಟಿಗೆ ತೆರೆದಳು. ಟೀಚರಮ್ಮನ ಶಾಲು ಎರಡನೆಯ ಬಾರಿ ಬಂದಿತ್ತು, ಈ ಸಲ ಇನ್ನೊಂದು ಅಂಚಿಗೆ. ಕೋಟು ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ ಬಿದ್ದಿತ್ತು. 'ಬಲ ಮೊಣಕೈ ತೂತು. ಮೇಲಿನ ಗುಂಡಿ ಸಡಿಲ.' ಅಕ್ಕನ ಅಕ್ಷರ.

ಊರಿನ ಕೋಟೆಲ್ಲ ಉಳಿದು ಕಾಯುವವಳ ಕೋಟೇ ಹೋಗಬೇಕೇ? ಅರ್ಧ ಗಂಟೆ ಪೆಟ್ಟಿಗೆಯ ಹಿಂದೆ, ಮೆಟ್ಟಿಲ ಕೆಳಗೆ ಹುಡುಕಿದಳು. ಕೊನೆಗೆ ಏನಾದರಾಗಲಿ ಎಂದು ಫೋನ್ ಮಾಡಿದಳು.

"ಅಕ್ಕಾ, ನಿನ್ನ ಕೋಟು..."

"ಹಾಕಲಿಲ್ಲ. ಮನಸ್ಸು ಬದಲಾಯ್ತು."

"ಹಾಕಲಿಲ್ವಾ?"

"ಹಾಕಲಿಲ್ಲ ಅಂದ್ನಲ್ಲ. ಎಷ್ಟು ಸಲ ಕೇಳ್ತೀಯಾ?" ಫೋನ್ ಇಟ್ಟೇಬಿಟ್ಟಳು.

ತಂಗಿ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಅಕ್ಕ ಸುಳ್ಳು ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕನ್ನಡಕ ಹಾಕಿಕೊಂಡು, ಅಳಿಯ ಕಲಿಸಿಕೊಟ್ಟಂತೆ ಫೋನಿನಲ್ಲಿ ಬೆಳಗಿನ ರೆಕಾರ್ಡು ತೆರೆದಳು.

ಮೊದಲು ಬಂದವರು ಟೀಚರಮ್ಮ. ಶಾಲು ಇಟ್ಟು, ನಮಸ್ಕರಿಸಿ ಹೋದರು. ಏಳೂಕಾಲಕ್ಕೆ ಅಕ್ಕ ಮೆಟ್ಟಿಲು ಹತ್ತಿದಳು. ಕೋಟನ್ನು ನಾಲ್ಕು ಮಡಿಕೆ ಮಾಡಿ ಶಾಲಿನ ಪಕ್ಕದಲ್ಲಿ ಇಟ್ಟಳು. ಅಷ್ಟರಲ್ಲಿ ಐದು ಕಳೆದು, ಅವಳದೇ ದನಿ ಅವಳಿಗೇ, ಕೈ ತೆಗಿ, ಇಳಿ ಕೆಳಗೆ ಎಂದಿತು. ಅಕ್ಕ ಪೂರ್ತಿ ಕೇಳಿಸಿಕೊಂಡು, ಹೌದೆನ್ನುವಂತೆ ತಲೆಯಾಡಿಸಿ, ಇಳಿದು ಹೋದಳು. ತಂಗಿಗೆ ಆ ಗಾಬರಿಯಲ್ಲೂ ನಗು ಬಂತು.

ಎಂಟೂವರೆಗೆ ಒಬ್ಬ ಹೆಂಗಸು ಬಂದಳು. ನಡುವಯಸ್ಸು. ಮೈಮೇಲೆ ತೆಳು ಅಂಗಿ, ಕಾಲಲ್ಲಿ ಮನೆಯೊಳಗೆ ಮೆಟ್ಟುವ ಚಪ್ಪಲಿ. ಬೀದಿಯ ಎರಡೂ ಕಡೆ ನೋಡಿ ಪೆಟ್ಟಿಗೆ ತೆರೆದಳು, ಟೀಚರಮ್ಮನ ಶಾಲಿಗೆ ಕೈ ಹಾಕಿದಳು. ದೀಪ ಹೊತ್ತಿಯೇ ಇತ್ತು. ಐದು ಕಳೆಯಿತು. ರೆಕಾರ್ಡು ಮಾತಾಡಲಿಲ್ಲ. ಅಕ್ಕ ಗುಂಡಿ ಒತ್ತಿದ್ದಳು.

"ಏಯ್. ಕೈ ತೆಗಿ. ಅದು ಬೇರೆಯವರದು."

ಹೆಂಗಸು ಶಾಲು ಬಿಟ್ಟು ಗೋಡೆಗೆ ಅಂಟಿಕೊಂಡಳು. ಓಡಲಿಲ್ಲ. ನಿಂತಲ್ಲೇ ನಡುಗುತ್ತಿದ್ದಳು. ಅದು ಹೆದರಿಕೆಯ ನಡುಕವೋ ಚಳಿಯದೋ, ಆ ಚಿಕ್ಕ ಪರದೆಯಲ್ಲಿ ತಂಗಿಗೆ ತಿಳಿಯಲಿಲ್ಲ. ಮೇಲಿಂದ ಮತ್ತೆ ಅಕ್ಕನ ದನಿ ಬಂತು.

"ಪಕ್ಕದಲ್ಲಿ ನೀಲಿ ಕೋಟಿದೆ. ಅದನ್ನ ತಗೋ."

ಹೆಂಗಸು ಅಲುಗಲಿಲ್ಲ.

"ಕೇಳಿಸ್ಲಿಲ್ವಾ? ಅದು ನಂದೇ. ಚೀಟಿ ಕಿತ್ತು ಅಲ್ಲೇ ಹಾಕು. ಹಾಕ್ಕೋ ಮೊದಲು."

ಹೆಂಗಸು ಕೋಟು ತೆಗೆದು ಬಿಡಿಸಿ, ಒಂದೊಂದೇ ತೋಳು ತೂರಿಸಿಕೊಂಡಳು. ಕತ್ತೆತ್ತಿ ಕ್ಯಾಮೆರಾ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

"ಮಾತು ಬೇಡ. ಮೇಲಿನ ಗುಂಡಿ ಸಡಿಲ ಇದೆ, ಎಳೀಬೇಡ. ಇನ್ನು ಇಳಿ ಕೆಳಗೆ."

ಎರಡನೆಯ ಗುಂಡಿಯಿಂದ ಹಾಕಿಕೊಳ್ಳುತ್ತ ಆ ಹೆಂಗಸು ಮೂರು ಮೆಟ್ಟಿಲು ಇಳಿದು ಹೋದಳು.